ಹೆರಿಗೆ ಆಸ್ಪತ್ರೆ ಹೊರಟಿತು

ಜನವರಿ ೬

ಅಪ್ಪಾ,

ನೀವು ಅತ್ತೆಯ ಮನೆಯಲ್ಲಿ ಮಲಗಿದಲ್ಲೇ ಎಲ್ಲರ ಮೇಲೂ ರೇಗುತ್ತಾ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನಿನಲ್ಲಿ ಎರಡನೇ ಮಾತಿಗೇ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ, ಮುರಿದ ಸೊಂಟ ಕೂಡುವವರೆಗೆ ಏನಿದ್ದರೂ ಕಾಗದದಲ್ಲೇ ಆಗಲಿ ಎಂದು ಅತ್ತೆ ತೀರ್ಪು ಕೊಟ್ಟರಲ್ಲ, ಆ ಪ್ರಕಾರ ಇದು ನನ್ನ ಮೊದಲನೆಯ ಕಾಗದ.

ಕೆಲಸ ನಮಗೇ ಸಿಕ್ಕಿತು! ಇದನ್ನು ಕೊನೆಗೆ ಬರೆಯಬೇಕು, ನಿಮ್ಮನ್ನು ಸ್ವಲ್ಪ ಕಾಯಿಸಬೇಕು ಎಂದಿದ್ದೆ. ಆಗಲಿಲ್ಲ.

ಹೆರಿಗೆ ಆಸ್ಪತ್ರೆಯನ್ನು ನೀವು ನೋಡಿದ್ದೀರಿ. ಎರಡು ಅಂತಸ್ತು, ದಪ್ಪ ಕಲ್ಲಿನ ಗೋಡೆ, ರಸ್ತೆಯ ಕಡೆಗೆ ಮರದ ಕಟಕಟೆಯ ಬಾಲ್ಕನಿ. ರಸ್ತೆ ಅಗಲ ಮಾಡಬೇಕು, ಆಸ್ಪತ್ರೆ ಅಡ್ಡ ಬರುತ್ತದೆ. ಒಡೆದು ಹಾಕೋಣ ಎಂದವರೇ ಹೆಚ್ಚು. ಬೇಡ, ಇಡೀ ಕಟ್ಟಡವನ್ನು ಎತ್ತಿ ಹಿಂದಿನ ತೋಟಕ್ಕೆ ಸರಿಸಿಕೊಡುತ್ತೇವೆ ಎಂದು ನಗರಸಭೆಯಲ್ಲಿ ನಾನು ಎದ್ದು ಹೇಳಿದಾಗ ಹಿಂದಿನ ಸಾಲಿನಿಂದ ಯಾರೋ, "ಏನಮ್ಮಾ, ಮೇಜು ಸರಿಸಿದ ಹಾಗೇನಾ?" ಎಂದರು. "ಹೌದು ಸಾರ್, ಮೇಜಿನ ಮೇಲಿರೋ ಲೋಟದ ನೀರೂ ಚೆಲ್ಲದ ಹಾಗೆ" ಎಂದೆ. ಎಲ್ಲರೂ ನಕ್ಕರು.

ನಿನ್ನೆ ಅಳತೆ ತೆಗೆಯುತ್ತಿದ್ದಾಗ ಬಸ್ಸೊಂದು ನಿಂತಿತು. ಡ್ರೈವರು ಕಿಟಕಿಯಿಂದ ಅರ್ಧ ಹೊರಬಂದು ಮೇಲಿನ ಮೂರನೆಯ ಕಿಟಕಿ ತೋರಿಸಿ, "ನಾನು ಹುಟ್ಟಿದ್ದು ಅಲ್ಲೇ, ಜೋಪಾನ!" ಎಂದು ಕೂಗಿ ಹೊರಟ. ಬೆಳಗಿನಿಂದ ಅಂಥವರು ಎಷ್ಟು ಜನ ಬಂದರೋ. ಈ ಊರಿನ ಅರ್ಧ ಜನ ಕಣ್ಣು ಬಿಟ್ಟದ್ದೇ ಈ ಗೋಡೆಗಳ ಒಳಗೆ.

ತೊಂದರೆ ಇಲ್ಲವೆಂದಲ್ಲ. ನಿಮ್ಮ ಜೊತೆ ದುಡಿದ ಹಳಬರು ಗಡ್ಡದ ಮಾಮನ ಸುತ್ತ ಬೇವಿನ ಮರದ ಕೆಳಗೆ ಕೂತು ಉಣ್ಣುತ್ತಾರೆ. ನಾನು ಸೇರಿಸಿಕೊಂಡ ಹೊಸಬರು ಗೋಡೆಯ ಆ ಕಡೆ. ಅವರ ಮುಂದಾಳು ವೆಲ್ಡಿಂಗ್ ಮಾಡುವ ಹುಡುಗಿ, ಎಲ್ಲರೂ ಅವಳನ್ನು ಮಿಂಚು ಎನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ಒಂದು ಕಡೆ ನಿಲ್ಲುವವಳಲ್ಲ. ಮಾಮ ನನ್ನನ್ನು "ಚಿಕ್ಕ ಮೇಸ್ತ್ರಿ" ಎಂದು ಕರೆಯುತ್ತಾರೆ. ಪ್ರೀತಿಯಿಂದಲೋ ಕುಹಕದಿಂದಲೋ ತಿಳಿಯದು, ಅವರ ಗಡ್ಡದೊಳಗೆ ನಗು ಇದ್ದರೂ ಕಾಣುವುದಿಲ್ಲವಲ್ಲ.

ಔಷಧಿ ತೆಗೆದುಕೊಳ್ಳಿ. ಅತ್ತೆಯ ಜೊತೆ ಜಗಳಾಡಬೇಡಿ.

ಹಾರುವ ಹುಮ್ಮಸ್ಸಿನಲ್ಲಿರುವ,
ನಿಮ್ಮ ಮಗಳು


ಜನವರಿ ೨೦

ಮಗಳೇ,

ಕಾಗದ ಬಂತು. ಕೈಬರಹ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಆದರೂ ಮೂರು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ತಪ್ಪು ಹುಡುಕಲು, ಮೂರನೇ ಸಲ ನಿನ್ನ ಅತ್ತೆಗೆ ಕೇಳಿಸಲಿ ಎಂದು ಗಟ್ಟಿಯಾಗಿ. ಅವಳು ಉಪ್ಪು ಹಾಕದೆ ಅಡುಗೆ ಮಾಡಿ ಬಡಿಸುತ್ತಾಳೆ, ಕೇಳಿದರೆ ಡಾಕ್ಟರ ಹೆಸರು ಹೇಳುತ್ತಾಳೆ. ಡಾಕ್ಟರು ಹೇಳಿದ್ದು ಸೊಂಟಕ್ಕೆ, ನಾಲಿಗೆಗಲ್ಲ.

ಈಗ ಕೆಲಸದ ಮಾತು. ಗೋಡೆ ಕತ್ತರಿಸುವಾಗ ಮೂಲೆಗಳನ್ನು ಕೊನೆಗೆ ಮುಟ್ಟು. ಕಬ್ಬಿಣದ ತೊಲೆಗಳನ್ನು ಒಳಗೆ ಸೇರಿಸಿದ ಮೇಲೆ ಎರಡು ದಿನ ಏನೂ ಮಾಡಬೇಡ, ಕಟ್ಟಡಕ್ಕೆ ಅಭ್ಯಾಸವಾಗಲಿ. ಭಾರ ಎತ್ತುವ ಜಾಕುಗಳನ್ನು ನೀನೇ ನಿನ್ನ ಕೈಯಿಂದ ತಿರುಗಿಸಿ ನೋಡಿ ಆಮೇಲೆ ಕೆಲಸದವರಿಗೆ ಕೊಡು.

ಎಲ್ಲಕ್ಕಿಂತ ಮುಖ್ಯ, ಕೂಗಬೇಕು. ಅಷ್ಟು ಜನ ಅಷ್ಟು ಜಾಕುಗಳನ್ನು ಒಂದೇ ಉಸಿರಿಗೆ ತಿರುಗಿಸಬೇಕಾದರೆ ಒಂದೇ ದನಿ ಇರಬೇಕು, ಅದು ಹೊಟ್ಟೆಯಿಂದ ಬರಬೇಕು. ನೀನು ಮಾತಾಡಿದರೆ ಪಕ್ಕದವನಿಗೂ ಕೇಳುವುದಿಲ್ಲ. ನಿನ್ನ ಅಮ್ಮನ ದನಿ ಬಂದಿದೆ ನಿನಗೆ, ಏನು ಮಾಡುವುದು. ಬೆಳಿಗ್ಗೆ ಮೈದಾನಕ್ಕೆ ಹೋಗಿ ಕೂಗಿ ಅಭ್ಯಾಸ ಮಾಡು. ನಾಚಿಕೆ ಪಡಬೇಡ.

ಗಡ್ಡದವನು ಹೇಳಿದಂತೆ ಕೇಳು. ಅವನಿಗೆ ನನ್ನ ಕೆಲಸ ಗೊತ್ತು.

ಇಲ್ಲಿ ಕಿಟಕಿಯಿಂದ ಒಂದು ಮೂರಂತಸ್ತಿನ ಮನೆ ಕಾಣುತ್ತದೆ. ಎಡಗಡೆಗೆ ವಾಲಿದೆ. ದಿನವಿಡೀ ಅದನ್ನೇ ನೋಡುತ್ತಾ ಮನಸ್ಸಿನಲ್ಲೇ ನೇರ ಮಾಡುತ್ತಿರುತ್ತೇನೆ.

ಹಾಸಿಗೆಯಿಂದ,
ಅಪ್ಪ


ಫೆಬ್ರವರಿ ೧೨

ಅಪ್ಪಾ,

ಆಸ್ಪತ್ರೆ ನೆಲ ಬಿಟ್ಟು ಮೇಲೆದ್ದಿದೆ! ಈಗ ಅದರ ಕೆಳಗೆ ಬಗ್ಗಿ ನೋಡಿದರೆ ಆ ಕಡೆಯ ರಸ್ತೆಯಲ್ಲಿ ಓಡಾಡುವವರ ಚಪ್ಪಲಿಗಳು ಕಾಣುತ್ತವೆ. ಮಕ್ಕಳೆಲ್ಲ ನೆಲಕ್ಕೆ ಕೆನ್ನೆ ಹಚ್ಚಿ ಅದನ್ನೇ ನೋಡುತ್ತಿದ್ದಾರೆ. ನಾನೂ ಯಾರೂ ಇಲ್ಲದಾಗ ಹಾಗೆ ಮಲಗಿ ನೋಡಿದೆ. ಅಷ್ಟು ಭಾರದ ಕಲ್ಲಿನ ಅಡಿಯಲ್ಲಿ ಗಾಳಿ ಆಡುತ್ತಿದೆ ಅಪ್ಪಾ!

ಹೇಗೆ ಎದ್ದಿತು ಎಂಬುದನ್ನೂ ಬರೆಯಬೇಕಲ್ಲ.

ನೀವು ಹೇಳಿದಂತೆ ಮೈದಾನದಲ್ಲಿ ಕೂಗಿದೆ. ನಾಯಿಗಳು ಬಂದವು. ಎತ್ತುವ ದಿನ ಜಾಕುಗಳ ನಡುವೆ ನಿಂತು "ಹೂಂ, ತಿರುಗಿಸಿ" ಎಂದು ಹೊಟ್ಟೆಯಿಂದ ಕೂಗಿದೆ. ದನಿ ಅರ್ಧದಲ್ಲಿ ಒಡೆದು ಕೀರಲಾಯಿತು. ಹೊಸಬರು ನಕ್ಕರು. ಹಳಬರು ನಗಲಿಲ್ಲ, ಅದು ಇನ್ನೂ ಕಷ್ಟ. ನಾನು ಹೇಳಿದ ಒಂದೊಂದು ಮಾತೂ ಮೊದಲು ಮಾಮನ ಮುಖಕ್ಕೆ ಹೋಗಿ, ಅವರು ತಲೆಯಾಡಿಸಿದ ಮೇಲೆ ಅವರ ಕೈಗೆ ಬರುತ್ತಿತ್ತು. ಹೊಸಬರು ನನ್ನ ಮಾತಿಗೆ ತಿರುಗಿಸಿದರು, ಹಳಬರು ಮಾಮನ ತಲೆಗೆ. ನಡುವೆ ಒಂದು ಉಸಿರಿನಷ್ಟು ಅಂತರ. ಆ ಒಂದು ಉಸಿರಿಗೆ ಮೆಟ್ಟಿಲಿನ ಗೋಡೆ ಬಿರುಕು ಬಿಟ್ಟಿತು. ಮೇಲಿನಿಂದ ಕೆಳಗಿನವರೆಗೆ, ನನ್ನ ಬೆರಳು ಹೋಗುವಷ್ಟು.

ಎಲ್ಲರೂ ನಿಂತರು. ಯಾರೂ ಯಾರನ್ನೂ ಬಯ್ಯಲಿಲ್ಲ. ನಾನು ಮಾಮನ ಬಳಿ ಹೋಗಿ, "ಮಾಮ, ನನ್ನ ಮಾತು ನಿಮಗೆ ಸರಿ ಕಾಣಲಿಲ್ವಾ?" ಎಂದೆ. ಅವರು ಗಡ್ಡ ಕೆರೆದುಕೊಂಡು, "ಹಾಗಲ್ಲ ಕಣಮ್ಮ. ದಿನಾ ಬೆಳಿಗ್ಗೆ ನಿಮ್ಮಪ್ಪ ಫೋನ್ ಮಾಡಿ ಹೀಗೀಗೆ ಮಾಡು ಅಂತಾನೆ. ನೀನು ಬಂದು ಬೇರೆ ಹೇಳ್ತೀಯ. ನಾನು ಎರಡನ್ನೂ ಕೂಡಿಸಿ ನೋಡೋ ಹೊತ್ತಿಗೆ ಹೊತ್ತಾಗುತ್ತೆ" ಎಂದರು. ಅವರ ಮುಖದಲ್ಲಿ ಕಪಟ ಇರಲಿಲ್ಲ. ಪಾಪ, ಬೆವರುತ್ತಿದ್ದರು.

ಬಿರುಕಿಗೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ದೇವೆ. ಮಿಂಚು ಇಡೀ ದಿನ ಏಣಿಯ ಮೇಲಿದ್ದಳು. ಕಟ್ಟಡ ಗಟ್ಟಿಯಾಗಿದೆ, ಭಯಪಡಬೇಡಿ.

ಅಪ್ಪಾ, ಇನ್ನು ಮಾಮನಿಗೆ ಫೋನ್ ಮಾಡಬೇಡಿ. ಒಂದು ಕೆಲಸಕ್ಕೆ ಒಂದೇ ದನಿ ಇರಬೇಕು ಎಂದವರು ನೀವೇ.

ನಿಮ್ಮ ಮಗಳು


ಮಾರ್ಚ್ ೧

ಪುಟ್ಟೀ,

ನಾನು ಬರೆಯುತ್ತಿರುವುದು ನಿನ್ನ ಅಪ್ಪನಿಗೆ ಗೊತ್ತಿಲ್ಲ. ಕನ್ನಡಕ ಹುಡುಕುತ್ತಿದ್ದಾನೆ, ಅದು ನನ್ನ ಮೂಗಿನ ಮೇಲಿದೆ.

ನಿನ್ನ ಕಾಗದ ಓದಿದವನು ಮಡಚಿ ದಿಂಬಿನ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ. ಫೋನನ್ನು ನನ್ನ ಕೈಗೆ ಕೊಟ್ಟು, "ಬೀರುವಿನಲ್ಲಿಡು, ನಾನು ಕೇಳಿದರೂ ಕೊಡಬೇಡ" ಎಂದ. ಮಾರನೆಯ ಬೆಳಿಗ್ಗೆ ಕೇಳಿದ. ಕೊಡಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಕೇಳಲಿಲ್ಲ. ಉತ್ತರ ಬರೆಯೋ ಎಂದರೆ, "ಏನಂತ ಬರೀಲಿ? ಅವಳು ಸರಿಯಾಗೇ ಹೇಳಿದಾಳೆ" ಎನ್ನುತ್ತಾನೆ. ಹಾಗಾದರೆ ಅದನ್ನೇ ಬರಿ ಎಂದರೆ ಸಿಡುಕುತ್ತಾನೆ. ಚಿಕ್ಕಂದಿನಿಂದಲೂ ಹೀಗೇ. ಬಾಯಿ ದೊಡ್ಡದು, ಹೇಳಬೇಕಾದ್ದು ಮಾತ್ರ ಅದರಿಂದ ಹೊರಗೆ ಬರುವುದಿಲ್ಲ.

ಈಗ ಕೋಲು ಹಿಡಿದು ಊಟದ ಮೇಜಿನವರೆಗೆ ನಡೆಯುತ್ತಾನೆ. ಅಲ್ಲಿ ನನ್ನ ಹೊಲಿಗೆ ಪೆಟ್ಟಿಗೆಯೇ ಆಸ್ಪತ್ರೆ, ಅದರ ಅಡಿಗೆ ಮೊಮ್ಮಗಳ ಬಣ್ಣದ ಪೆನ್ಸಿಲ್ಲುಗಳೇ ಉರುಳೆ. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸುತ್ತಾನೆ. ನಾನು ತಟ್ಟೆ ಇಡಬೇಕಾದರೆ ಅವನ ಅಪ್ಪಣೆ ಕೇಳಬೇಕು. ಮೊಮ್ಮಗಳಿಗೆ ಚಿತ್ರ ಬರೆಯಲು ಪೆನ್ಸಿಲ್ ಇಲ್ಲ, ಅವಳೂ ಅವನ ಜೊತೆ ಸೇರಿ ತಳ್ಳುತ್ತಾಳೆ.

ನೀನು ಬರೆಯುವುದನ್ನು ನಿಲ್ಲಿಸಬೇಡ. ಅವನು ಉತ್ತರ ಬರೆಯದಿದ್ದರೂ ಪೋಸ್ಟಿನವನ ಸೈಕಲ್ ಬೆಲ್ಲಿಗೆ ನನಗಿಂತ ಮೊದಲು ತಲೆ ಎತ್ತುತ್ತಾನೆ.

ನಿನ್ನ ಅತ್ತೆ


ಮಾರ್ಚ್ ೧೮

ಅಪ್ಪಾ,

ಸಲಹೆ ಕೇಳಲು ಬರೆಯುತ್ತಿಲ್ಲ. ಹೇಳದೆ ಇರಲಾಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹಳಿ ಹಾಕಿ, ಅದರ ಮೇಲೆ ಉರುಳೆ ಇಟ್ಟು, ಕಟ್ಟಡವನ್ನು ರಸ್ತೆಯ ಕಡೆಯಿಂದ ಜಾಕುಗಳಿಂದ ತಳ್ಳುತ್ತಾ ಅರ್ಧ ದಾರಿ ತಂದಿದ್ದೆವು. ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ತೋಟದ ದಾಸವಾಳದ ಗಿಡ ಕಿಟಕಿಗೆ ದಿನಕ್ಕಿಷ್ಟು ಹತ್ತಿರವಾಗುತ್ತಿರುವುದನ್ನು ನೋಡಲು ಜನ ಬರುತ್ತಿದ್ದರು. ಕಳೆದ ಗುರುವಾರ ಬಲಗಡೆಯ ಹಳಿಯ ಮುಂದಿನ ನೆಲ ಸದ್ದಿಲ್ಲದೆ ಕುಸಿಯಿತು. ಅಗೆದು ನೋಡಿದರೆ ಹಳೆಯ ಬಾವಿ! ಯಾವ ಕಾಲದಲ್ಲೋ ಕಸ ತುಂಬಿ ಮುಚ್ಚಿ ಮರೆತದ್ದು. ಯಾವ ನಕ್ಷೆಯಲ್ಲೂ ಇಲ್ಲ. ನಮ್ಮ ದಾರಿಗೆ ಸರಿಯಾಗಿ ಅಡ್ಡ, ಬಾಯಿ ತೆರೆದುಕೊಂಡು ಕೂತಿದೆ.

ನಗರಸಭೆಯ ಎಂಜಿನಿಯರು ಬಂದು ನೋಡಿದರು. ಕೆಟ್ಟವರಲ್ಲ ಅಪ್ಪಾ, ಅವರ ಹೆಂಡತಿಯ ಹೆರಿಗೆಯೂ ಇಲ್ಲೇ ಆದದ್ದಂತೆ. ಆದರೆ ಏಪ್ರಿಲಿನ ಮಳೆ ಹತ್ತಿರ ಬಂತು. ನೆಲ ನೆನೆದರೆ ಹಳಿಗಳ ಮೇಲೆ ನಿಂತ ಕಟ್ಟಡ ಯಾವ ಕಡೆಗಾದರೂ ಹೋಗಬಹುದು. ಬಾವಿ ತುಂಬಿಸಿ ಅದು ಗಟ್ಟಿಯಾಗುವವರೆಗೆ ಕಾಯಲು ಹೊತ್ತಿಲ್ಲ. "ಇನ್ನು ಮೂರು ವಾರ ನೋಡ್ತೀನಿ. ಆಮೇಲೆ ಒಡೆಯೋದೇ. ನಾನೂ ಉತ್ತರ ಹೇಳಬೇಕಲ್ಲಮ್ಮ" ಎಂದರು.

ಅಂದು ಕೆಲಸ ನಿಲ್ಲಿಸಿದೆ. ಎಲ್ಲರನ್ನೂ ಕಟ್ಟಡದ ಒಳಗೆ, ಖಾಲಿ ಮಾಡಿದ ದೊಡ್ಡ ವಾರ್ಡಿನಲ್ಲಿ ಕೂರಿಸಿದೆ. ಮರದ ಕೆಳಗಿನವರು, ಗೋಡೆಯ ಆ ಕಡೆಯವರು ಎಂದು ಬೇರೆ ಮಾಡಲು ಅಲ್ಲಿ ಮರವೂ ಇಲ್ಲ, ನಡುಗೋಡೆಯೂ ಇಲ್ಲ. "ನನಗೆ ಏನು ಮಾಡಬೇಕು ಅಂತ ಇನ್ನೂ ಗೊತ್ತಿಲ್ಲ. ಎಲ್ಲರೂ ಮಾತಾಡಿ. ಮಾತು ಮುಗಿದ ಮೇಲೆ ನಾನು ಹೇಳ್ತೀನಿ. ಹೇಳಿದ ಮೇಲೆ ಅದು ಎಲ್ಲರ ಮಾತು" ಎಂದೆ. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದೆ. ಕೇಳಿಸಿಕೊಳ್ಳಲು ಅವರೇ ಹತ್ತಿರ ಸರಿದರು!

ವಾಪಸ್ಸು ರಸ್ತೆಗೆ ತಳ್ಳೋಣ, ಮಳೆಗಾಲ ಮುಗಿದ ಮೇಲೆ ನೋಡೋಣ ಎಂದರು ಮಾಮ. ಅಷ್ಟರಲ್ಲಿ ಒಡೆದಿರ್ತಾರೆ ಎಂದಳು ಮಿಂಚು. ಜೋರು ಮಾತಾಯಿತು. ಯಾರೋ ಎದ್ದು ಹೊರಟರು, ಯಾರೋ ಕೈ ಹಿಡಿದು ಕೂರಿಸಿದರು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಬೆನ್ನಿಗೆ ಬಾಗಿಲು ತಿರುಗಿತು. ಅದರ ಅಂಚು ಒಂದು ಮೊಳ ಹೋದಾಗ ತಿರುಗಣಿಯ ಕಡೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ನಾನು ಬಾಗಿಲನ್ನು ಮತ್ತೆ ಮುಚ್ಚಿದೆ, ತೆರೆದೆ, ಮುಚ್ಚಿದೆ. ಎಲ್ಲರೂ ಮಾತು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. ತಲೆ ಕೆಟ್ಟಿತು ಎಂದುಕೊಂಡರೇನೋ.

ತಿರುಗಿಸುತ್ತೇವೆ ಅಪ್ಪಾ! ಆಸ್ಪತ್ರೆಯ ಎಡಗಡೆಯ ಒಂದು ಮೂಲೆಯನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿ, ಬಲಗಡೆಯನ್ನು ಬಾಗಿಲಿನಂತೆ ಸುತ್ತಿಸಿ, ಬಾವಿಯ ಪಕ್ಕದಿಂದ ಆಚೆ ದಾಟಿಸಿ, ಗಟ್ಟಿ ನೆಲದ ಮೇಲೆ ಕೂರಿಸುವುದು. ಕೆಳಗಿನಿಂದ ತಳಪಾಯವನ್ನು ಆಮೇಲೆ ಕಟ್ಟಿ ಸೇರಿಸಬಹುದು. ಆಸ್ಪತ್ರೆಯ ಮುಖ ರಸ್ತೆಗಿರದೆ ಪಕ್ಕದ ಓಣಿಗೆ ಆಗುತ್ತದೆ. ಎಂಜಿನಿಯರು ತಲೆ ತುರಿಸಿಕೊಂಡರು. ಆಸ್ಪತ್ರೆಯ ದೊಡ್ಡ ಸಿಸ್ಟರು ಅವರ ಮುಂದೆ ನಿಂತು, "ನೋವು ತಿನ್ನುತ್ತಾ ಬರೋಳು ಬಾಗಿಲು ಯಾವ ದಿಕ್ಕಿಗಿದೆ ಅಂತ ಕೇಳಲ್ಲ, ತೆರೆದಿದೆಯಾ ಅಂತ ನೋಡ್ತಾಳೆ ಅಷ್ಟೇ" ಎಂದರು. ಒಪ್ಪಿಗೆ ಸಿಕ್ಕಿತು.

ಕಷ್ಟ ಇರುವುದು ತಳ್ಳುವುದರಲ್ಲಿ. ಹೊರಗಿನ ಜಾಕಿನವನು ಮೂರು ಸುತ್ತು ತಿರುಗಿಸುವ ಹೊತ್ತಿಗೆ ನಡುವಿನವನು ಎರಡು, ಒಳಗಿನವನು ಒಂದು, ಅಷ್ಟೂ ಒಟ್ಟಿಗೇ ಶುರು, ಒಟ್ಟಿಗೇ ನಿಲುಗಡೆ. ಅದಕ್ಕೆ ಮೈದಾನದಲ್ಲಿ ಉದ್ದನೆಯ ಬಿದಿರು ಹಿಡಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸುತ್ತಿಸುತ್ತಿದ್ದೇನೆ. ಒಳತುದಿಯವರು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರತುದಿಯವರು ಓಡಬೇಕು. ಮೊದಲ ದಿನ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡರು. ಒಬ್ಬರು ಹಳಬರ ಪಕ್ಕ ಒಬ್ಬರು ಹೊಸಬರು, ಹಾಗೆ ಜೋಡಿ ಮಾಡಿದ್ದೇನೆ. ಈಗ ಬೇವಿನ ಮರದ ಕೆಳಗೆ ಊಟಕ್ಕೆ ಜಾಗ ಸಾಲುತ್ತಿಲ್ಲ.

ಇನ್ನೊಂದು. ನಾನು ಕೂಗುವುದಿಲ್ಲ. ಬಾವುಟ ಹಿಡಿಯುತ್ತೇನೆ. ಎತ್ತಿದರೆ ತಿರುಗಿಸಿ, ಇಳಿಸಿದರೆ ನಿಲ್ಲಿಸಿ. ಕೆಳಗೆ ಎಲ್ಲಿ ನಿಂತರೂ ಅರ್ಧ ಜನರಿಗೆ ನಾನು ಕಾಣುವುದಿಲ್ಲ, ತೊಲೆಗಳು ಅಡ್ಡ ಬರುತ್ತವೆ. ಎಲ್ಲರ ಕಣ್ಣಿಗೂ ಬೀಳುವ ಜಾಗ ಒಂದೇ, ಮೇಲಿನ ಬಾಲ್ಕನಿ. ಅಲ್ಲಿ ನಿಲ್ಲುತ್ತೇನೆ.

ಏಪ್ರಿಲ್ ಎರಡರಂದು ಬೆಳಿಗ್ಗೆ. ಮಾಮನ ಫೋನು ಈಗ ಸುಮ್ಮನಿದೆ. ಅವರು ಆಗಾಗ ಜೇಬಿನಿಂದ ತೆಗೆದು ನೋಡಿ ಮತ್ತೆ ಒಳಗಿಡುತ್ತಾರೆ.

ನಿಮ್ಮ ಮಗಳು


ಮಾರ್ಚ್ ೨೯

ಮಗಳೇ,

ಮನೆ, ಗೋಡೌನು, ಎರಡು ಶಾಲೆ, ಒಂದು ಗಡಿಯಾರದ ಕಂಬ ಎತ್ತಿದ್ದೇನೆ. ಒಂದರೊಳಗೂ ನಾನು ನಿಂತಿಲ್ಲ, ಇನ್ನೊಬ್ಬರನ್ನು ನಿಲ್ಲಿಸಿಲ್ಲ.

ತಿರುಗಿಸುವುದು ಸರಿ. ಮೇಜಿನ ಮೇಲೆ ತಿರುಗಿಸಿ ನೋಡಿದೆ, ಆಗುತ್ತದೆ.

ಮೇಲೆ ಹತ್ತಬೇಡ. ಇದು ಮೇಸ್ತ್ರಿ ಹೇಳುತ್ತಿರುವುದಲ್ಲ.

ಅಪ್ಪ


ಏಪ್ರಿಲ್ ೨

ಅಪ್ಪಾ,

ಸಂಜೆಯಾಗಿದೆ. ಮೆಟ್ಟಿಲ ಮೇಲೆ ಕೂತು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದಂತಿದ್ದರೆ ಇವತ್ತು ಬಯ್ಯಬೇಡಿ. ಓಣಿಯಲ್ಲಿ ಜನ ಇನ್ನೂ ಹೋಗಿಲ್ಲ.

ನಿಮ್ಮ ಕಾಗದ ಬಂದದ್ದು ಇವತ್ತು ಬೆಳಿಗ್ಗೆಯೇ, ಬಾವುಟ ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಾಗ. ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಜೇಬಿನಲ್ಲಿಟ್ಟುಕೊಂಡು ಹತ್ತಿದೆ. ಬೇರೆ ದಾರಿ ಇದ್ದಿದ್ದರೆ ಹತ್ತುತ್ತಿರಲಿಲ್ಲ ಅಪ್ಪಾ.

ಮೇಲೆ ಹೋದರೆ ಬಾಲ್ಕನಿಯಲ್ಲಿ ದೊಡ್ಡ ಸಿಸ್ಟರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ! ಫ್ಲಾಸ್ಕು, ಎರಡು ಲೋಟ. "ಇಳೀರಿ ಸಿಸ್ಟರ್" ಎಂದೆ. "ನನ್ನ ಆಸ್ಪತ್ರೆ ಹೊರಟಿದೆ, ನಾನು ನೆಲದ ಮೇಲೆ ನಿಂತು ಟಾಟಾ ಮಾಡಲಾ?" ಎಂದರು. ವಾದಿಸಲು ಹೊತ್ತಿರಲಿಲ್ಲ.

ಕೆಳಗೆ ನೋಡಿದೆ. ಮಾಮ ತಿರುಗಣಿಯ ಮೂಲೆಯಲ್ಲಿದ್ದರು. ಅಲ್ಲಾಡಬಾರದ ಮೂಲೆ, ಅದನ್ನು ಅವರಿಗಲ್ಲದೆ ಇನ್ನಾರಿಗೆ ಕೊಡಲಿ? ಮಿಂಚು ಹೊರಗಿನ ತುದಿಯಲ್ಲಿ, ಉರುಳೆಗಳ ಪಕ್ಕ ಹೊಟ್ಟೆಯ ಮೇಲೆ ಮಲಗಿದ್ದಳು. ನಡುವೆ ಉಳಿದವರೆಲ್ಲ, ಒಂದೊಂದು ಜಾಕಿಗೆ ಇಬ್ಬಿಬ್ಬರು. ರಸ್ತೆಯ ತುಂಬ ಜನ, ಮಾಳಿಗೆಗಳ ಮೇಲೆ ಜನ, ಔಷಧಿ ಅಂಗಡಿಯ ಮುಂದೆ ಕಾರುಗಳು. ಅಷ್ಟು ಜನರಿದ್ದೂ ಹಕ್ಕಿ ಕೂಗುವುದು ಕೇಳಿಸುತ್ತಿತ್ತು.

ಬಾವುಟ ಎತ್ತಿದೆ.

ಏನೂ ಆಗಲಿಲ್ಲ. ಒಂದು ಗಳಿಗೆ ಹಾಗೆನಿಸಿತು. ಆಮೇಲೆ ನೋಡಿದರೆ ಎದುರಿನ ಅಂಗಡಿಯ ಬೋರ್ಡು ಬಲಕ್ಕೆ ಸರಿಯುತ್ತಿದೆ! ಅದು ಸರಿಯಲಿಲ್ಲ ಅಪ್ಪಾ, ನಾವು ಸರಿದೆವು. ಕಾಲಿನ ಕೆಳಗಿನ ಹಲಗೆಯಲ್ಲಿ ಸಣ್ಣಗೆ ಒಂದು ಗುಂಯ್ ಎನ್ನುವ ಕಂಪನ, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ. ಬಾವುಟ ಇಳಿಸಿದೆ, ಎಲ್ಲ ಕೈಗಳೂ ನಿಂತವು. ಎಲ್ಲವೂ, ಒಂದೇ ಸಲಕ್ಕೆ! ಎತ್ತಿದೆ, ಹೊರಟವು. ಅಷ್ಟು ಜನರ ಕೈಗಳು ನನ್ನ ಒಂದು ತೋಳಿಗೆ ಅಂಟಿಕೊಂಡ ಹಾಗಿತ್ತು. ಇಂಥ ಖುಷಿಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಬಾವಿಯ ಪಕ್ಕಕ್ಕೆ ಬಂದಾಗ ಹೊರಗಿನ ತುದಿಯಲ್ಲಿ "ಠಪ್" ಎಂದಿತು.

ಬಾವುಟ ಇಳಿಸಿದೆ. ಒಂದು ಉರುಳೆ ಸೀಳಿಹೋಗಿತ್ತು. ಕಟ್ಟಡ ಬಾವಿಯ ಕಡೆಗೆ ಒಂದಿಷ್ಟು ಬಗ್ಗಿತು, ನಾನು ಕಟಕಟೆ ಹಿಡಿದುಕೊಂಡೆ. ಒಳಗಿನಿಂದ ಗಾರೆ ಉದುರುವ ಸದ್ದು. ಜನ ಹೋ ಎಂದರು. ಹೊಸಬರಲ್ಲಿ ಒಬ್ಬ ಜಾಕು ಬಿಟ್ಟು ಓಡಲು ಎದ್ದ. ಅವನು ಬಿಟ್ಟಿದ್ದರೆ ಪಕ್ಕದವನೂ ಬಿಡುತ್ತಿದ್ದ, ಆಮೇಲೆ ಮುಗಿಯಿತು. ಆಗ ಮೂಲೆಯಿಂದ ಮಾಮ ದನಿ ಎತ್ತಿದರು. "ಯಾರೂ ಅಲ್ಲಾಡಬೇಡ್ರೋ! ಮೇಸ್ತ್ರಿ ಬಾವುಟ ಎತ್ತೋವರೆಗೂ ಕೈ ತೆಗೀಬೇಡಿ!"

ಮೇಸ್ತ್ರಿ ಎಂದರು. ಚಿಕ್ಕ ಎನ್ನಲಿಲ್ಲ. ಆ ಹೊತ್ತಿನಲ್ಲೂ ಅದು ನನ್ನ ಕಿವಿಗೆ ಬಿತ್ತು ನೋಡಿ.

ಎದ್ದವನು ಕೂತ. ಹಿಂದೆ ಸಿಸ್ಟರು ಮೂಲೆಯ ಗೋಡೆಯನ್ನು ಬೆರಳಿನಿಂದ ಕೆರೆದು ನೋಡಿ, "ಉದುರಿದ್ದು ಬರೀ ಮೇಲಿನ ಗಾರೆ, ಕಲ್ಲು ಅಲ್ಲ" ಎಂದರು, ಜ್ವರ ನೋಡಿ ಹೇಳುವಷ್ಟು ಸಮಾಧಾನವಾಗಿ. ಮಿಂಚು ಹೊಸ ಉರುಳೆ ಎಳೆದುಕೊಂಡು ಕಟ್ಟಡದ ಅಡಿಗೆ ತೂರಿದಳು. ನನಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಎಲ್ಲರೂ ತಲೆ ಮೇಲೆತ್ತಿ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಅವಳ ಕಾಲನ್ನು. ಕಾಲು ಹೊರಗೆ ಬಂತು, ಸೊಂಟ ಬಂತು, ಆಮೇಲೆ ಕರಿ ಮೆತ್ತಿದ ಒಂದು ಕೈ ಮೇಲೆದ್ದು ಹೆಬ್ಬೆರಳು ತೋರಿಸಿತು.

ಎತ್ತಿದೆ. ಇಡೀ ಆಸ್ಪತ್ರೆ ಒಮ್ಮೆ ನರಳಿ ನೆಟ್ಟಗಾಯಿತು, ಬಾವಿಯ ಬಾಯಿಯನ್ನು ಪಕ್ಕಕ್ಕೆ ಬಿಟ್ಟು ಸುತ್ತಿ ಹೋಯಿತು. ಆಮೇಲೆ ತಡೆಯಲೇ ಇಲ್ಲ ಅಪ್ಪಾ! ಓಣಿ ನಮ್ಮ ಎದುರಿಗೆ ಬಂತು. ಓಣಿಯ ಮನೆಗಳ ಕಿಟಕಿಗಳಲ್ಲಿದ್ದವರು ಕೈ ಬೀಸಿದರು, ಹಡಗಿನಲ್ಲಿ ಬಂದವರಿಗೆ ಬೀಸುವಂತೆ. ಕೊನೆಯ ಸಲ ಬಾವುಟ ಇಳಿಸಿದಾಗ ರಸ್ತೆಯಲ್ಲಿ ನಿಂತಿದ್ದ ಬಸ್ಸುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಸಿಸ್ಟರು ಲೋಟಕ್ಕೆ ಟೀ ಸುರಿದು ಕೊಟ್ಟು, "ಮೊದಲು ಕುಡಿ. ಆಮೇಲೆ ಅಳು" ಎಂದರು. ಎರಡನ್ನೂ ಒಟ್ಟಿಗೇ ಮಾಡಿದೆ.

ಕೆಳಗಿಳಿದಾಗ ಮಾಮ ಅವರ ಮೂಲೆಯ ಪಕ್ಕ ಕೂತಿದ್ದರು. ಮೂಲೆ ಅಲ್ಲಾಡಿರಲಿಲ್ಲ. "ಎಲ್ಲಾ ಸರಿಯಾಯ್ತಲ್ಲ ಮಾಮ" ಎಂದೆ. ಅವರು ಏನೋ ಹೇಳಲು ಹೋಗಿ, ರಸ್ತೆಯ ಕಡೆ ಒಮ್ಮೆ ನೋಡಿ, ಜೇಬಿನ ಫೋನು ತಡವಿಕೊಂಡರು.

ನೀವು ಇರಬೇಕಿತ್ತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಮೇಲೆ ಹತ್ತಿ, ಕ್ಷೇಮವಾಗಿ ಇಳಿದ,
ನಿಮ್ಮ ಮಗಳು


ಏಪ್ರಿಲ್ ೯

ಮಗಳೇ,

ನಾನಿದ್ದೆ.

ಔಷಧಿ ಅಂಗಡಿಯ ಮುಂದೆ ಕಾರುಗಳಿದ್ದವು ಎಂದು ಬರೆದಿದ್ದೀಯ. ಅದರಲ್ಲಿ ಬಿಳಿಯದೊಂದು ಬಾಡಿಗೆ ಕಾರು, ಹಿಂದಿನ ಸೀಟಿನಲ್ಲಿ ನಿನ್ನ ಅತ್ತೆ, ಸೊಂಟಕ್ಕೆ ದಿಂಬು ಕೊಟ್ಟುಕೊಂಡು ನಾನು. ಕಾಗದ ನಿನಗೆ ಸಿಗದಿದ್ದರೆ ಏನು ಗತಿ ಎಂದು ಹೊರಟವನು. ನಿಜ ಹೇಳಬೇಕೆಂದರೆ, ಸಿಕ್ಕಿದರೂ ನೀನು ಕೇಳುವುದಿಲ್ಲ ಎಂದು ಗೊತ್ತಿತ್ತು. ನಿನ್ನನ್ನು ಇಳಿಸಲೆಂದೇ ಬಂದೆ.

ದಾರಿಯಲ್ಲಿ ಟೈರು ಪಂಕ್ಚರಾಗಿ ತಡವಾಯಿತು. ನಾವು ಬಂದು ನಿಲ್ಲುವುದಕ್ಕೂ ನಿನ್ನ ಬಾವುಟ ಮೇಲೇಳುವುದಕ್ಕೂ ಸರಿಹೋಯಿತು. ಇನ್ನು ಕೂಗುವಂತಿರಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತು ನೋಡಿದೆ. ಬಾವುಟ ಇಳಿದಾಗ ಅಷ್ಟು ಕೈಗಳು ಒಂದಾಗಿ ನಿಂತದ್ದನ್ನು ನೋಡಿದೆ. ಅಷ್ಟು ಚೆನ್ನಾಗಿ ನನ್ನ ಕೂಗಿಗೆ ಅವರು ಎಂದೂ ನಿಂತಿಲ್ಲ.

ಉರುಳೆ ಸೀಳಿಹೋಯಿತಲ್ಲ, ಆಗ ಬಾಯಿ ತೆರೆದೆ. ಹೊಟ್ಟೆಯಿಂದ ದನಿ ಗಂಟಲಿನವರೆಗೂ ಬಂತು. ನಾನು ಕೂಗಿದ್ದರೆ ಹಳಬರೆಲ್ಲ ನನ್ನ ಕಡೆ ತಿರುಗುತ್ತಿದ್ದರು. ಆ ಒಂದು ಉಸಿರಿನಲ್ಲಿ ಏನಾಗುತ್ತಿತ್ತೆಂದು ನಿನಗೂ ಗೊತ್ತು, ನನಗೂ ಗೊತ್ತು. ಬಾಯಿ ಮುಚ್ಚಿಕೊಂಡೆ. ನಿನ್ನ ಅತ್ತೆಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳ ಬಳೆ ಬಗ್ಗಿತು. ಇನ್ನೂ ಅದನ್ನೇ ಎತ್ತಿ ಆಡುತ್ತಿದ್ದಾಳೆ.

ಗಡ್ಡದವನು ಆಗ ನನ್ನನ್ನು ಕಂಡ. ಜನರ ನಡುವೆ, ನೇರ ಕಣ್ಣಿಗೆ ಕಣ್ಣು. ಕಂಡವನು ಮುಖ ತಿರುಗಿಸಿ ನಿನ್ನ ಬಾವುಟ ನೋಡಿದ. ಆಮೇಲೆ ಕೂಗಿದ, ನೀನು ಬರೆದ ಆ ಮಾತನ್ನು. ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಸಾಯಂಕಾಲ ಅವನೇ ನಿನ್ನ ಅತ್ತೆಗೆ ಫೋನ್ ಮಾಡಿ ನನ್ನನ್ನು ಕರೆಸಿ, "ಅವಳಿಗೆ ಹೇಳಲಾ?" ಎಂದ. ನಾನೇ ಬರೀತೀನಿ ಎಂದೆ.

ನನ್ನ ಪಕ್ಕದಲ್ಲಿ ಒಬ್ಬಳು ಮಗು ಎತ್ತಿಕೊಂಡು ನಿಂತಿದ್ದಳು. "ಮೇಲೆ ನಿಂತಿರೋರು ಯಾರು ಯಜಮಾನ್ರೇ?" ಎಂದು ಕೇಳಿದಳು. ನನ್ನ ಮಗಳು ಎನ್ನಲು ಬಾಯಿಗೆ ಬಂದಿತ್ತು. "ನಮ್ಮ ಮೇಸ್ತ್ರಿ" ಎಂದೆ. ನಿನ್ನ ಅತ್ತೆ ಕಾರಿನೊಳಗೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಧೂಳು ಎಂದಳು.

ಹತ್ತಿರ ಬರದೆ ಹೋದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬಂದಿದ್ದರೆ ಜನ ನನ್ನ ಕೈ ಕುಲುಕುತ್ತಿದ್ದರು. ಅವತ್ತು ಅದು ಬೇಡವಾಗಿತ್ತು.

ಡಾಕ್ಟರು ಮುಂದಿನ ತಿಂಗಳಿನಿಂದ ಕೋಲಿಲ್ಲದೆ ನಡೆದಾಡಬಹುದು ಎಂದಿದ್ದಾರೆ. ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಆಸ್ಪತ್ರೆಯ ತಳಪಾಯದ ಕೆಲಸ ಇನ್ನೂ ಬಾಕಿ ಇರುತ್ತದಲ್ಲ. ಬರುತ್ತೇನೆ. ನಾನು ಎಲ್ಲಿ ನಿಲ್ಲಬೇಕು, ನೀನು ಹೇಳು.

ಅಪ್ಪ